ನಾಯಿಗೆ ಕಟ್ಟಿಕೊಂಡ ರೊಟ್ಟಿ

ಮಲ್ಲಾಬಾಯಿಗೆ ಬಾಯಿ ಜಾಸ್ತಿ ಅನ್ನುವುದು ದೋರನಹಳ್ಳಿಯಲ್ಲಿ ಎಲ್ಲರಿಗೂ ಗೊತ್ತು. ಅದೇನು ದೊಡ್ಡ ತಪ್ಪಲ್ಲ ಬಿಡಿ, ಬಾಯಿ ಇಲ್ಲದ ಹೆಂಗಸಿಗೆ ಬೆಳಗಿನ ಟಂಟಂ ಆಟೋದಲ್ಲಿ ಸೀಟೂ ಸಿಗುವುದಿಲ್ಲ. ಆದರೆ ಬಾಯಿಯ ಜೊತೆಗೆ ಅವಳಿಗೆ ಕಣ್ಣೂ ಜಾಸ್ತಿ. ಯಾರು ಏನು ಉಟ್ಟರು, ಯಾರ ಕಿವಿಯಲ್ಲಿ ಏನು ಹೊಳೆಯಿತು, ಯಾರ ಬುತ್ತಿಯಿಂದ ಏನು ಹೊರಬಂತು, ಒಂದೂ ತಪ್ಪುವ ಹಾಗಿಲ್ಲ. ಅವಳನ್ನು ಕೆಡಿಸಿದ್ದು ಈ ಕಣ್ಣೇ.

ಶಹಾಪುರದ ಹಳೇ ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಲಕ್ಷ್ಮಿಕಾಂತನ ಹೊಲಿಗೆ ಶೆಡ್ಡು. ಎಂಟು ಮಷೀನು, ಎಂಟು ಹೆಂಗಸರು. ಶಾಲೆ ಮಕ್ಕಳ ಯೂನಿಫಾರ್ಮ್ ಹೊಲಿಯುವ ಕೆಲಸ. ಆರು ವರ್ಷದ ಹಿಂದೆ ಗಂಡ ಮೌನಪ್ಪ ಕಲ್ಲಿನ ಲಾರಿಯಿಂದ ಬಿದ್ದು ಕಾಲು ಮುರಿದುಕೊಂಡಾಗ ಮಲ್ಲಾಬಾಯಿ ಇಲ್ಲಿ ಬಂದು ಮಷೀನಿಗೆ ಕೂತಳು. ಈಗ ಅವನು ಕುಂಟುತ್ತಲೇ ಪಾನ್ ಅಂಗಡಿ ನಡೆಸುತ್ತಾನೆ, ಸಂಸಾರ ಹೇಗೋ ಸಾಗಿದೆ. "ಆ ವರ್ಷ ನಾವು ಪಟ್ಟ ಪಾಡು ನಾಯಿಗೂ ಬ್ಯಾಡ. ಆದ್ರ ಯಾರ ಮುಂದೂ ಕೈ ಚಾಚಿಲ್ಲ ನಾನು," ಎಂದು ವಾರಕ್ಕೊಮ್ಮೆಯಾದರೂ ಅವಳು ಹೇಳಬೇಕು, ಉಳಿದವರು ಹೂಂಗುಟ್ಟಬೇಕು.

ಮಧ್ಯಾಹ್ನ ಒಂದೂವರೆಗೆ ಮಷೀನುಗಳು ನಿಂತವೆಂದರೆ ಕುಬ್ರಾಬೇಗಂ ಎದ್ದು ದಸ್ತರಖಾನ ಹಾಸುತ್ತಿದ್ದಳು. ದಸ್ತರಖಾನವೆಂದರೆ ಮತ್ತೇನಿಲ್ಲ, ಊಟಕ್ಕೆ ನೆಲದ ಮೇಲೆ ಹಾಸುವ ಹೂವಿನ ಚಿತ್ರದ ಒಂದು ಹಳೇ ಚಾದರ. ಶೆಡ್ಡಿನಲ್ಲಿ ಅವಳೇ ಹಿರಿಯಳು, ಎಲ್ಲರಿಗೂ ಖಾಲಾ, ಅಂದರೆ ಚಿಕ್ಕಮ್ಮ. ಎಲ್ಲರ ರೊಟ್ಟಿಯೂ ಆ ಚಾದರದ ನಡುವೆ ಒಂದೇ ಗುಡ್ಡೆಯಾಗಿ ಬೀಳಬೇಕು, ಪಲ್ಯ, ಶೇಂಗಾ ಹಿಂಡಿಗಳ ಡಬ್ಬಿಗಳು ಸುತ್ತ ಕೂರಬೇಕು. ಒಬ್ಬರದು ಪುಂಡಿಪಲ್ಯ, ಒಬ್ಬರದು ಝುಣಕ. ಎಲ್ಲರೂ ಉಣ್ಣಲಿ ಎಂದು ಖಾಲಾ ತನ್ನ ಡಬ್ಬಿಯಲ್ಲಿ ಕಾಯಿಪಲ್ಯವನ್ನೇ ತರುತ್ತಿದ್ದಳು. ಯಾರದು ಎಷ್ಟು ರೊಟ್ಟಿ ಬಿತ್ತು, ಯಾರು ಎಷ್ಟು ಉಂಡರು ಎಂದು ಕೇಳುವ ಪದ್ಧತಿಯೇ ಇರಲಿಲ್ಲ. ಈ ಪದ್ಧತಿ ಯಾವಾಗ ಶುರುವಾಯಿತು, ಯಾಕೆ ಶುರುವಾಯಿತು ಎಂದೂ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ.

ಎರಡು ವರ್ಷದ ಹಿಂದೆ ಸುಮಲತಾ ಬಂದಳು. ಮೊದಲ ದಿನವೇ ಇಳಕಲ್ ಸೀರೆ, ಕೊರಳಲ್ಲಿ ಎರಡೆಳೆ ಸರ, ಕೈಯಲ್ಲಿ ವ್ಯಾನಿಟಿ ಬ್ಯಾಗು. ಅವಳ ಮನೆ ಮೇನ್ ರೋಡಿನಲ್ಲೇ, ಎರಡಂತಸ್ತು, ಹಸಿರು ಬಣ್ಣ, ಸ್ಟೀಲಿನ ಗೇಟು. ಮಗಳು ನಂದಿನಿ ಇಂಗ್ಲಿಷ್ ಶಾಲೆಗೆ ಟೈ ಕಟ್ಟಿಕೊಂಡು ವ್ಯಾನಿನಲ್ಲಿ ಹೋಗುತ್ತಿದ್ದಳು. ಗಂಡ ತೀರಿಕೊಂಡಿದ್ದಾನೆ ಎಂದು ಗೊತ್ತಾದಾಗ ಎಲ್ಲರೂ ಲೊಚಗುಟ್ಟಿದರು, ಮಲ್ಲಾಬಾಯಿಯೂ ಲೊಚಗುಟ್ಟಿದಳು. ಆದರೆ ಮರುಕ ನಾಲ್ಕು ದಿನ ನಿಂತಿತು, ಸೀರೆ ದಿನಾ ಕಣ್ಣಿಗೆ ಬೀಳುತ್ತಿತ್ತು.

"ಇಂಥಾ ಮನಿ ಇಟಗೊಂಡು ಈಕಿ ಯಾಕ ಇಲ್ಲಿ ಬಂದು ಕುಂತಾಳ? ಹೊತ್ತು ಹೋಗವಲ್ದೇನು? ನಮ್ಮಂಥಾ ಬಡವರ ಕೆಲಸಕ್ಕ ಕೈ ಹಾಕಾಕ ಬಂದಾಳ," ಎಂದು ಮಲ್ಲಾಬಾಯಿ ಪಕ್ಕದ ಮಷೀನಿನವಳ ಕಿವಿ ಕಚ್ಚುತ್ತಿದ್ದಳು. ತನ್ನ ಮನೆಯ ತಗಡಿನ ಪತ್ರಾಸು ಸೋರಿದ ದಿನ ಈ ಮಾತು ಇನ್ನಷ್ಟು ಖಾರವಾಗುತ್ತಿತ್ತು.

ಇನ್ನೊಂದು ಸಂಗತಿ ಅವಳ ಮೈ ಉರಿಸುತ್ತಿತ್ತು. ಸುಮಲತಾಳ ಮಷೀನು ಅವಳದರ ಮುಂದೆಯೇ ಇದ್ದುದರಿಂದ ಬೆನ್ನು ದಿನವಿಡೀ ಕಣ್ಣೆದುರು. ಕೆಲವು ತಿಂಗಳಿಗೊಮ್ಮೆ ಅವಳ ಜಂಪರದ, ಅಂದರೆ ರವಿಕೆಯ, ಪಕ್ಕದ ಹೊಲಿಗೆ ಹೊಸದಾಗಿರುತ್ತಿತ್ತು. ಹೊಲಿಗೆಯವಳ ಕಣ್ಣಿಗೆ ಇಂಥದ್ದು ತಪ್ಪುತ್ತದೆಯೇ? ಹಳೇ ದಾರದ ಬಣ್ಣ ಬೇರೆ, ಹೊಸ ದಾರದ ಬಣ್ಣ ಬೇರೆ. "ನೋಡ್ರಿ, ಮತ್ತ ಫಿಟ್ಟಿಂಗ್ ಮಾಡ್ಸಾಳ. ಮೈಗೆ ಅಂಟಿ ಕುಂದ್ರಬೇಕಂತ ಈಕಿಗಿ. ಯಾರಿಗಿ ತೋರ್ಸಾಕೋ!" ಎಂದು ಮೂಗು ಮುರಿಯುತ್ತಿದ್ದಳು. ಕಣ್ಣು ಕಂಡದ್ದು ನಿಜವೇ, ತಿಳಿದುಕೊಂಡದ್ದು ಸುಳ್ಳು.

ಕಳೆದ ಜೂನಿನಲ್ಲಿ ಕೆಲಸದ ಒತ್ತಡ ಜಾಸ್ತಿಯಾಗಿತ್ತು. ಶಾಲೆಗಳು ಶುರುವಾಗಿದ್ದವು, ಅರ್ಧ ಮಕ್ಕಳ ಅಂಗಿ ಇನ್ನೂ ಮಷೀನಿನ ಮೇಲಿತ್ತು. ಶೆಕೆ ಬೇರೆ. ಆ ದಿನಗಳಲ್ಲೇ ಮಲ್ಲಾಬಾಯಿ ಬೇಕೆಂದೇ ಗಮನಿಸಿದಳು. ಸುಮಲತಾ ಗುಡ್ಡೆಗೆ ಹಾಕುವುದು ಎರಡು ರೊಟ್ಟಿ, ಕೆಲವು ದಿನ ಒಂದೇ. ಉಣ್ಣುವುದು ಮೂರು, ನಾಲ್ಕು. ಅದೂ ಹೋಗಲಿ, ಉಳಿದ ರೊಟ್ಟಿಯನ್ನು ಪೇಪರಿನಲ್ಲಿ ಸುತ್ತಿ ಬ್ಯಾಗಿಗೆ ಇಟ್ಟುಕೊಳ್ಳುವುದು.

"ಯಾರಿಗಿ ಅದು?" ಎಂದು ಮಲ್ಲಾಬಾಯಿ ಒಂದು ದಿನ ಕೇಳಿಯೇಬಿಟ್ಟಳು.

ಸುಮಲತಾ ತಲೆ ಎತ್ತದೆ, "ಮನ್ಯಾಗ ನಾಯಿ ಅದ ಮಲ್ಲಕ್ಕ. ನಾಯಿಗಿ," ಎಂದಳು.

ಮಲ್ಲಾಬಾಯಿಯ ಸಿಟ್ಟು ನೆತ್ತಿಗೆ ಏರಿತು. ನಸುಕಿನಲ್ಲೆದ್ದು ಒಲೆಯ ಹೊಗೆ ಕುಡಿದು ತಟ್ಟಿದ ರೊಟ್ಟಿ! ತನ್ನ ಮಕ್ಕಳಿಗೆ ಲೆಕ್ಕ ಹಾಕಿ ಕೊಟ್ಟು ಇಲ್ಲಿಗೆ ತಂದ ರೊಟ್ಟಿ!

"ವ್ಹಾ ವ್ಹಾ! ಎರಡಂತಸ್ತಿನ ಮನಿ ನಾಯಿಗಿ ಪತ್ರಾಸಿನ ಮನಿ ರೊಟ್ಟಿ. ಎರಡು ತಂದು ನಾಕು ಉಣ್ಣೂದು, ಮ್ಯಾಲೆ ನಾಯಿಗೂ ಕಟಗೊಂಡು ಹೋಗೂದು. ನಾಚಿಕಿ ಆಗಂಗಿಲ್ಲೇನು? ಕೇಳ್ರಿ ಎಲ್ಲಾರೂ, ನಾಳಿಯಿಂದ ಯಾರ ಬುತ್ತಿ ಅವರೇ ಉಣ್ರಿ. ನಾನಂತೂ ಈ ಗುಡ್ಡಿಗಿ ಒಂದು ತುಣುಕೂ ಹಾಕಂಗಿಲ್ಲ."

ಖಾಲಾ "ಮಲ್ಲವ್ವ..." ಎಂದು ಏನೋ ಹೇಳಲು ಬಾಯಿ ತೆರೆದವಳು ಸುಮಲತಾಳ ಮುಖ ನೋಡಿ ಸುಮ್ಮನಾದಳು. ಸುಮಲತಾ ಬ್ಯಾಗಿನಿಂದ ಪೇಪರಿನ ಪೊಟ್ಟಣ ತೆಗೆದು, ಬಿಚ್ಚಿ, ಆ ಎರಡು ರೊಟ್ಟಿಯನ್ನು ಚಾದರದ ಮೇಲೆ ವಾಪಸ್ ಇಟ್ಟಳು. ಪೇಪರನ್ನು ಮಾತ್ರ ಮಡಿಚಿ ಬ್ಯಾಗಿಗೆ ಹಾಕಿಕೊಂಡಳು.

ಮರುದಿನದಿಂದ ದಸ್ತರಖಾನ ಕಪಾಟು ಸೇರಿತು. ಒಬ್ಬೊಬ್ಬರು ತಮ್ಮ ತಮ್ಮ ಮಷೀನಿನ ಪಕ್ಕದಲ್ಲೇ ಡಬ್ಬಿ ಬಿಚ್ಚಿದರು. ಸುಮಲತಾ ಮಾತ್ರ ಒಂದೂವರೆಗೆ ಎದ್ದು, "ಖಾನಾವಳಿಗಿ ಹೋಗಿ ಬರ್ತೀನಿ," ಎಂದು ಹೊರಗೆ ಹೋಗುತ್ತಿದ್ದಳು. "ಹೋಗವ್ವ ಹೋಗು, ರೊಕ್ಕ ಇದ್ದವರು ಹೋಗಲಿಕ್ಕೇ ಬೇಕು," ಎಂದು ಮಲ್ಲಾಬಾಯಿ ಅವಳಿಗೆ ಕೇಳುವ ಹಾಗೇ ಹೇಳುತ್ತಿದ್ದಳು. ಗೆದ್ದೆನೆಂಬ ಸಂತೋಷ ಅವಳಿಗೆ. ಹಾಗೆಂದು ಒಬ್ಬಳೇ ಉಣ್ಣುವ ರೊಟ್ಟಿಯೇನೂ ರುಚಿಸಲಿಲ್ಲ. ಆದರೆ ಅದನ್ನು ಯಾರೆದುರು ಒಪ್ಪಿಕೊಂಡಾಳು?

ಒಂದು ತಿಂಗಳು ಹೀಗೇ ನಡೆಯಿತು. ಆಮೇಲೆ ಸುಮಲತಾ ಬರುವುದನ್ನು ನಿಲ್ಲಿಸಿದಳು. ಒಂದು ದಿನ, ಎರಡು ದಿನ, ವಾರ. ಫೋನ್ ಹತ್ತಲಿಲ್ಲ. ಮನೆಯಲ್ಲಿ ಗುಂಡಿ ಹಾಕಲೆಂದು ಅವಳು ಒಯ್ದಿದ್ದ ಇಪ್ಪತ್ತು ಅಂಗಿ ಅಲ್ಲೇ ಉಳಿದಿದ್ದವು. ಲಕ್ಷ್ಮಿಕಾಂತ, "ಮಲ್ಲಾಬಾಯಿ, ನೀ ಟಂಟಂ ಹತ್ತಾಕ ಹೋಗೋ ದಾರ್ಯಾಗ ಅವರ ಮನಿ ಅದಲ್ಲ, ಅವು ಅಂಗಿ ಇಸಗೊಂಡು ಬಾ," ಎಂದ. ಅವಳಿಗೂ ಆ ಸ್ಟೀಲಿನ ಗೇಟಿನ ಒಳಗೆ ಏನಿದೆ ಎಂದು ನೋಡುವ ಚಪಲ. ಹೋದಳು.

ಸುಮಲತಾಳ ಅತ್ತೆ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದಳು. ದಪ್ಪ ಬಳೆ, ಗಟ್ಟಿ ದನಿ.

"ಆಕಿ ಇಲ್ಲ. ಕೆಂಭಾವಿಗಿ ಹೋಗ್ಯಾಳ, ಅವರಣ್ಣ ಬಂದು ಕರಕೊಂಡು ಹೋದ. ರಕ್ತ ಕಮ್ಮಿ ಅಂತ ಮೂರು ದಿನ ಆಸ್ಪತ್ರ್ಯಾಗ ಇದ್ದಳು. ನಿಮ್ಮ ಅಂಗಿ ಮ್ಯಾಲಿನ ಖೋಲ್ಯಾಗ ಅವ, ನೀನೇ ಹೋಗಿ ತಗೋ. ನನಗ ಮೆಟ್ಲ ಏರಾಕ ಆಗಂಗಿಲ್ಲ."

ಮಲ್ಲಾಬಾಯಿ ಒಂದು ಕ್ಷಣ ನಿಂತಳು. "ನಾಯಿ ಕಟ್ಟೀರೇನ್ರಿ?"

"ಯಾವ ನಾಯಿ? ನಮ್ಮನ್ಯಾಗ ಎಂದೂ ನಾಯಿ ಸಾಕಿಲ್ಲ."

ಮೆಟ್ಟಿಲು ಹಿತ್ತಲಲ್ಲಿತ್ತು. ಹಸಿರು ಬಣ್ಣ ಮನೆಯ ಮುಂದಿನ ಗೋಡೆಗೆ ಮುಗಿದಿತ್ತು. ಎರಡನೇ ಅಂತಸ್ತನ್ನು ಬಾಡಿಗೆಗೆ ಕೊಟ್ಟಿದ್ದರು, ಅದರ ಮೇಲೆ ಮಾಳಿಗೆಯಲ್ಲಿ ತಗಡಿನ ಒಂದು ಕೋಣೆ. ಮಲ್ಲಾಬಾಯಿಯ ಪತ್ರಾಸಿನ ಮನೆಗಿಂತ ಸಣ್ಣದು, ಅದಕ್ಕಿಂತ ಬಿಸಿ. ಒಂದು ಸ್ಟೋವು, ಒಂದು ಹಿಟ್ಟಿನ ಡಬ್ಬಿ. ಡಬ್ಬಿಯ ಮುಚ್ಚಳ ತೆಗೆಯಬಾರದಿತ್ತು, ತೆಗೆದಳು. ತಳದಲ್ಲಿ ಒಂದು ಹಿಡಿ ಹಿಟ್ಟೂ ಇರಲಿಲ್ಲ. ಗೂಡಿನಲ್ಲಿ ಪೇಪರಿನ ತುಂಡುಗಳನ್ನು ಕೈಯಿಂದ ಸವರಿ, ನೀಟಾಗಿ ಮಡಿಚಿ, ಒಂದರ ಮೇಲೊಂದು ಇಟ್ಟಿದ್ದರು. ಪ್ರತಿ ತುಂಡಿನ ಮೇಲೂ ರೊಟ್ಟಿಯ ಗುಂಡನೆಯ ಗುರುತು.

ಸುಮಲತಾ ಅಂಗಿಗಳನ್ನು ಒಂದು ಹಳೇ ಸೀರೆಯಲ್ಲಿ ಗಂಟು ಕಟ್ಟಿ, ಮೇಲೆ ತನ್ನ ಒಂದು ಹಳೇ ಜಂಪರ ಇಟ್ಟಿದ್ದಳು. ಬಿಚ್ಚಿ ನೋಡಿದರೆ ಇಪ್ಪತ್ತಕ್ಕೂ ಗುಂಡಿ ಹಾಕಿಯಾಗಿತ್ತು. ಮಲ್ಲಾಬಾಯಿ ಜಂಪರವನ್ನು ಒಳಮೈ ತಿರುವಿ ನೋಡಿದಳು. ಪಕ್ಕದಲ್ಲಿ ಒಂದರ ಒಳಗೊಂದು ನಾಲ್ಕು ಹೊಲಿಗೆ. ಪ್ರತಿ ಹೊಲಿಗೆಯೂ ಹಿಂದಿನದಕ್ಕಿಂತ ಒಂದು ಬೆರಳು ಒಳಗೆ. ಇದು ಫಿಟ್ಟಿಂಗ್ ಅಲ್ಲ. ಸೊರಗುತ್ತಿದ್ದ ಮೈಗೆ ತಕ್ಕ ಹಾಗೆ ಬಟ್ಟೆಯನ್ನು ಹಿಡಿದುಕೊಂಡು ಹೋದದ್ದು. ಆರು ವರ್ಷ ಮಷೀನು ತುಳಿದವಳಿಗೆ ಇಷ್ಟು ಗೊತ್ತಾಗಬಾರದೇ? ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

ಇಳಿದು ಬಂದಾಗ ಅತ್ತೆ ತಾನಾಗಿಯೇ ಹೇಳಿದಳು, "ಮಗ ಹೋದ ಮ್ಯಾಲೆ ಬ್ಯಾರಿ ಇಟ್ಟೀವಿ. ಅವರ ಒಲಿ ಅವರದು. ಆಕಿ ಪಗಾರ ಮಗನ ಸಾಲಕ್ಕ ಹೋಗತದ. ಮೊಮ್ಮಗಳ ಶಾಲಿ ಫೀ ನಾವೇ ಕಟ್ತೀವಿ ಮತ್ತ, ಮಂದಿ ಏನಂದಾರು! ಹೊರಗ ಹೋಗುವಾಗ ಚಂದ ಉಟಗೊಂಡು ಹೋಗು, ನಮ್ಮ ಮನಿ ಮರ್ಯಾದಿ ತಗೀಬ್ಯಾಡ ಅಂತಷ್ಟೇ ಹೇಳಿದ್ದೆ."

"ಕೊರಳಾಗಿನ ಸರ?"

"ಒಂದು ಗ್ರಾಂದ್ದು. ಖರೇದು ನನ್ನ ಕಡಿ ಅದ."

ಮಲ್ಲಾಬಾಯಿ ಅಂಗಿಯ ಗಂಟನ್ನು ಎದೆಗೆ ಅವಚಿಕೊಂಡಳು. ಬೈಯಬೇಕಾದವಳು ಎದುರಿಗೇ ಕೂತಿದ್ದಳು, ಆದರೆ ಬೈಯಲು ತನಗೆ ಯಾವ ಮುಖವಿದೆ ಎನಿಸಿತು.

ಮರುದಿನ ಶೆಡ್ಡಿನಲ್ಲಿ ಖಾಲಾಳ ಮುಂದೆ ಕೂತು ಎಲ್ಲವನ್ನೂ ಹೇಳಿದಳು. ಖಾಲಾ ಕತ್ತರಿ ಕೆಳಗಿಟ್ಟಳು.

"ನನಗ ಗೊತ್ತಿತ್ತು."

"ಗೊತ್ತಿತ್ತಾ? ಮತ್ತ ನನ್ನ ಬಾಯಿ ಯಾಕ ಮುಚ್ಚಿಸಲಿಲ್ಲ ಖಾಲಾ? ಕಪಾಳಕ್ಕ ಹೊಡೀಬೇಕಾಗಿತ್ತಲ್ಲ ನನಗ!"

"ಎಲ್ಲಾರ ಮುಂದ ಏನಂತ ಹೇಳ್ಲಿ? ಆಕಿ ಮನ್ಯಾಗ ಹಿಟ್ಟಿಲ್ಲ ಅಂತ ಹೇಳ್ಲಾ? ಹೇಳಿದ್ರ ಆಕಿಗಿ ಉಳದಿದ್ದ ಮಾನಾನೂ ಹೋಗತಿತ್ತು." ಖಾಲಾ ಕಪಾಟಿನ ಕಡೆ ನೋಡಿದಳು. "ದಸ್ತರಖಾನ ಯಾವಾಗ ಸುರು ಆತು, ನೆನಪದ ಏನು ನಿನಗ?"

"ಇಲ್ಲ."

"ನೀ ಬಂದ ವರ್ಷ. ನಿನ್ನ ಗಂಡ ಹಾಸಿಗಿ ಹಿಡದಿದ್ದ. ನೀ ಗೋಡಿ ಕಡಿ ಮಾರಿ ಮಾಡಿ ಖಾಲಿ ಡಬ್ಬಿ ಬಿಚ್ಚಿ ಕುಂದರತಿದ್ದಿ. ಕರದ್ರ, ಹಸಿವಿಲ್ಲ ಖಾಲಾ ಅಂತಿದ್ದಿ. ಒಂದು ವಾರ ನೋಡಿದೆ. ಆಮ್ಯಾಲೆ ಮನಿಯಿಂದ ಚಾದರ ತಂದೆ. ಎಲ್ಲಾರದೂ ಒಂದೇ ಗುಡ್ಡಿ ಆದ್ರ ಯಾರದು ಇಲ್ಲ ಅಂತ ಯಾರಿಗೂ ತಿಳಿಯಂಗಿಲ್ಲ. ನಿನಗೂ ತಿಳೀಲಿಲ್ಲ ನೋಡು."

ಮಲ್ಲಾಬಾಯಿ ಸೆರಗನ್ನು ಬಾಯಿಗೆ ಒತ್ತಿ ಹಿಡಿದಳು. ಯಾರ ಮುಂದೂ ಕೈ ಚಾಚಿಲ್ಲ ಎಂದು ಆರು ವರ್ಷ ಡಂಗುರ ಹೊಡೆದಿದ್ದಳಲ್ಲ! ಕೈ ಚಾಚದಂತೆ ಇನ್ನೊಬ್ಬಳು ನೋಡಿಕೊಂಡಿದ್ದಳು, ಅಷ್ಟೇ.

"ನಂದೂ ತಪ್ಪದ ಬೇಟಿ," ಎಂದಳು ಖಾಲಾ. "ಬ್ಯಾರೆ ಕರದು ನಿನಗೊಬ್ಬಾಕಿಗಾದ್ರೂ ಹೇಳಬೇಕಾಗಿತ್ತು. ಇವತ್ತು ಹೇಳ್ತೀನಿ, ನಾಳಿ ಹೇಳ್ತೀನಿ ಅಂತ ದಿನಾ ದೂಡಿದೆ."

ಭಾನುವಾರ ಮಲ್ಲಾಬಾಯಿ ಹನ್ನೆರಡು ರೊಟ್ಟಿ ತಟ್ಟಿ, ಪುಂಡಿಪಲ್ಯ ಮಾಡಿ, ಬಟ್ಟೆಯಲ್ಲಿ ಕಟ್ಟಿಕೊಂಡು ಕೆಂಭಾವಿ ಬಸ್ಸು ಹತ್ತಿದಳು. ಸುಮಲತಾಳ ಅಣ್ಣ ಬಸಲಿಂಗನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಸುಮಲತಾ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತ ಕೂತಿದ್ದಳು. ಮುಖ ಬಿಳಿಚಿತ್ತು. ಎದ್ದು ನಿಂತು, "ಬರ್ರಿ ಮಲ್ಲಾಬಾಯಾರ," ಎಂದಳು. ಮಲ್ಲಕ್ಕ ಅನ್ನಲಿಲ್ಲ. ಚಾಪೆ ಹಾಸಿದಳು, ನೀರು ಕೊಟ್ಟಳು, ಎಲ್ಲ ಮರ್ಯಾದೆಯಿಂದ.

"ನಂದು ತಪ್ಪಾತು ಸುಮಾ. ನನಗ ಗೊತ್ತಿರಲಿಲ್ಲ."

"ನಿಮ್ಮದೇನು ತಪ್ಪದ್ರಿ? ನೀವು ಇದ್ದದ್ದೇ ಅಂದ್ರಿ. ಎರಡು ತಂದು ನಾಕು ಉಣತಿದ್ದೆ ನಾನು."

"ಹಂಗ ಅನಬ್ಯಾಡ. ಶೆಡ್ಡಿಗಿ ಬಾ. ಖಾಲಾ ಮತ್ತ ಚಾದರ ಹಾಸಾಕತ್ಯಾಳ."

"ಇನ್ನ ಇಲ್ಲೇ ಇರ್ತೀನ್ರಿ. ಇಲ್ಲೇ ಒಂದು ಮಷೀನು ನೋಡ್ಯಾನ ನಮ್ಮಣ್ಣ."

ಮಲ್ಲಾಬಾಯಿ ಗಂಟು ಬಿಚ್ಚಿ ಮುಂದಿಟ್ಟಳು. ಒಳಗಿನಿಂದ ನಂದಿನಿ ಓಡಿ ಬಂದಳು, ಆರು ವರ್ಷದ ಮಗು. ರೊಟ್ಟಿಯನ್ನು ನೋಡಿದ್ದೇ ಮುಖ ಅರಳಿತು. "ಅವ್ವಾ, ಶೆಡ್ಡಿನ ರೊಟ್ಟಿ!" ಎಂದು ಕೈ ಚಾಚಿದಳು.

ಸುಮಲತಾ ಆ ಪುಟ್ಟ ಕೈಯನ್ನು ಮೆಲ್ಲಗೆ ಹಿಡಿದಳು. "ಬ್ಯಾಡವ್ವ. ಈಗರೆ ಉಂಡೀದಿ." ಆಮೇಲೆ ಮಲ್ಲಾಬಾಯಿಯ ಕಡೆ ತಿರುಗಿ, ದನಿ ಏರಿಸದೆ, "ನಮಗ ಹಸಿವಿಲ್ರಿ," ಎಂದಳು.

ಮಲ್ಲಾಬಾಯಿಗೆ ಆ ಮಾತು ಗೊತ್ತಿತ್ತು. ಗೋಡೆಗೆ ಮುಖ ಮಾಡಿ ತಾನೇ ಆಡಿದ ಮಾತು. ಅದರ ಅರ್ಥ ಗೊತ್ತಿದ್ದವಳಿಗೆ ಒತ್ತಾಯ ಮಾಡಲು ಬಾಯಿ ಬರಲಿಲ್ಲ. ಗಂಟು ಕಟ್ಟಿಕೊಂಡು ಎದ್ದಳು.

ವಾಪಸ್ ಬರುವ ಬಸ್ಸಿನಲ್ಲಿ ಪಕ್ಕ ಕೂತ ಮುದುಕಿ ಮೂಗರಳಿಸಿ ಕೇಳಿದಳು, "ಪುಂಡಿಪಲ್ಯದ ವಾಸನಿ ಬರಾಕತ್ತದ. ಯಾರಿಗಿ ಒಯ್ಯಾಕತ್ತೀದಿ ತಾಯಿ?"

"ಉಣ್ಣಾರಿಗಿ ಒಯ್ದಿದ್ದೆ ಯವ್ವಾ," ಎಂದಳು ಮಲ್ಲಾಬಾಯಿ. "ತಡಾ ಮಾಡಿ ಒಯ್ದೆ."

ಶಹಾಪುರ ಬರುವವರೆಗೂ ಗಂಟನ್ನು ತೊಡೆಯ ಮೇಲಿಂದ ಕೆಳಗಿಡಲಿಲ್ಲ.