ನೀವಾಳಿಸಿ ಎಸೆದ ಉಪ್ಪು

ಮುದುಕನಿಗೆ ಅರಳುಮರಳು ಎಂದು ಹಲ್ಲು ಕಿರಿಯುವವರು ಮೊದಲು ಬಾಯಿ ಮುಚ್ಚಿ. ನಿನ್ನೆಯ ಊಟ ಮರೆತಿರಬಹುದು, ನಾನು ಪಕ್ಕದ ಕೋಣೆಯಲ್ಲಿದ್ದು ಕಂಡ ಐವತ್ತಾರನೇ ಇಸವಿಯ ಮುಂಬೈನ ಬೈಕುಲ್ಲಾ ಚಾಳು ಮರೆಯುವಂಥದ್ದಲ್ಲ.

ಧಾರವಾಡ ಕಡೆಯ ಚನ್ನವ್ವ ಅಲ್ಲಿಗೆ ಬಂದದ್ದು ತನ್ನ ಸೋದರಮಾವ ಈರಣ್ಣನ ಹೆಂಡತಿಯಾಗಿ. ಹಾಗಾಗಿ ತಾಯಿಯ ತಾಯಿ ನಾಗವ್ವನೇ ಅವಳಿಗೆ ಅತ್ತೆ. ಹೆತ್ತ ಎರಡು ಗಂಡುಕೂಸುಗಳೂ ಎಳೆಯದರಲ್ಲೇ ಹಾಲು ಕಕ್ಕಿ, ಕಪ್ಪಿಟ್ಟು, ಒಣಗಿ ಸತ್ತವು. ಎರಡು ಸಲವೂ ನಾಗವ್ವ ಹಿಡಿ ಉಪ್ಪು ನೀವಾಳಿಸಿ ಗಟಾರಕ್ಕೆ ಎಸೆದಳು. ಆಮೇಲೆ ನಲ್ಲಿಯ ಬಳಿ ನಿಂತು ಸಾರಿದಳು:

"ಇಕಿ ಅಪ್ಪನ ಕಡೆ ರಕ್ತಾನ ಕೆಟ್ಟೈತಿ. ಎದ್ಯಾಗ ಹಾಲಲ್ಲ, ವಿಷ ಐತಿ!"

ಮೂರನೆಯದು ಹುಟ್ಟುವ ಮೊದಲೇ, ಇವಳನ್ನು ತವರಿಗೆ ಅಟ್ಟಿ ನಾಗವ್ವನ ಇನ್ನೊಬ್ಬ ಮಗಳ ಮಗಳು ಗಂಗುಬಾಯಿಯನ್ನು ಈರಣ್ಣನಿಗೆ ತರುವ ಮಾತೂ ಮುಗಿದಿತ್ತು. ಚನ್ನವ್ವ ಹಲ್ಲು ಕಚ್ಚಿ ಕಾದಳು.

ಮೂರನೆಯದೂ ಕಕ್ಕತೊಡಗಿತು. ಮುದುಕಿ ಮತ್ತೆ ಉಪ್ಪಿಗೆ ಕೈಹಾಕಿದಾಗ ಚನ್ನವ್ವ ಕೂಸನ್ನು ಸೆರಗಲ್ಲಿ ಸುತ್ತಿ ಆಸ್ಪತ್ರೆಗೆ ಓಡಿದಳು. ಗಂಡ, ಅತ್ತೆ ಬೆನ್ನಿಗೇ ಬಂದರು. ಅಲ್ಲಿದ್ದ ಬೆಳಗಾವಿ ಕಡೆಯ ಡಾಕ್ಟರಮ್ಮ ಉಪ್ಪುನೀರು ಏರಿಸಿ, ಆಗಷ್ಟೇ ಬಂದಿದ್ದ ಹೊಸ ಔಷಧಿಯ ಇಂಜೆಕ್ಷನ್ ಕೊಟ್ಟರು. ಕೂಸು ಕಣ್ಣುಬಿಟ್ಟಿತು.

"ಕಿಡ್ನಿ ಮ್ಯಾಲೆ ಸಣ್ಣ ಗ್ರಂಥಿ ಇರ್ತದ," ಎಂದರು ಡಾಕ್ಟರಮ್ಮ. " ಜಡ್ಡು, ಸಂಕಟ ಬಂದಾಗ ಮೈ ಕಾಯೋ ರಸ ಅಲ್ಲೇ ಆಗ್ಬೇಕು. ಈ ಕೂಸಿಗೆ ಆಗಂಗಿಲ್ಲ. ಮೈಯಾಗಿನ ಉಪ್ಪೆಲ್ಲಾ ಉಚ್ಚ್ಯಾಗ ಹೋಗ್ತದ. ಔಷಧಿ ಜೋಡಿ ದಿನಾ ಉಪ್ಪುನೀರೂ ಕುಡಿಸ್ಬೇಕು."

"ಇಕಿ ಅಪ್ಪನ ಕಡೆಯಿಂದ ಬಂದದ್ದಲ್ರೀ?" ನಾಗವ್ವ ಬಾಯಿ ಹಾಕಿದಳು.

"ಈ ದೋಷ ಒಬ್ಬರಿಂದ ಬಂದ್ರ ಏನೂ ಆಗಂಗಿಲ್ಲ. ತಾಯಿದೊಂದು, ತಂದೀದೊಂದು, ಎರಡೂ ಕೂಡಬೇಕು. ಗಂಡ ಹೆಂಡ್ತಿ ಮೊದಲೇ ಸಂಬಂಧಿಕರೇನು?"

"ಸೋದರಮಾವ," ಎಂದಳು ಚನ್ನವ್ವ, ಅಜ್ಜಿಯತ್ತ ಕೈ ತೋರಿಸಿ. "ಈ ಆಯಿ ಲಗ್ನಾನೂ ಆಕಿ ಸೋದರಮಾವನ ಜೋಡಿನ ಆಗಿದ್ದು."

ಡಾಕ್ಟರಮ್ಮ ಮುದುಕಿಯತ್ತ ತಿರುಗಿದರು. "ನಿಮ್ಮ ಕೂಸುಗಳೂ ಹಿಂಗ ಹೋಗಿದ್ವೇನು?"

"ಈರಣ್ಣಗಿಂತ ಮೊದಲ... ಎರಡು," ಎಂದಳು ನಾಗವ್ವ.

ಚಾಳಿಗೆ ಮರಳಿದ ಮೇಲೆ, ಸಾಲುಮನೆಗಳ ಮುಂದಿನ ಗ್ಯಾಲರಿಯಲ್ಲಿ ಗಂಗುಬಾಯಿಯ ತಾಯಿಯೂ ಸೇರಿ ಹೆಂಗಸರೆಲ್ಲ ಕೂತಿದ್ದಾಗ, ಚನ್ನವ್ವ ಉಪ್ಪುನೀರಿನ ಬಟ್ಟಲನ್ನೂ ಚಮಚವನ್ನೂ ಅಜ್ಜಿಯ ಮುಂದೆ ಕುಕ್ಕಿದಳು.

"ಗಟಾರಕ್ಕ ಚೆಲ್ಲಿದ್ದೆಲ್ಲಾ ಈಗ ಹನಿಹನಿ ಕುಡಸು, ಆಯಿ. ಯಾರ ರಕ್ತ ಅಂತನೂ ಹೇಳು."

"ಹೊಟ್ಯಾಗ ಹಾಕ್ಕೋ, ಚನ್ನಿ."

"ಎರಡು ಹೂಳಿ ಬಂದೀನಿ. ನನ್ನ ಹೊಟ್ಯಾಗ ಜಾಗಿಲ್ಲ. ಹೇಳು!"

ಮುದುಕಿ ಚಮಚ ಕೈಗೆತ್ತಿಕೊಂಡಳು.

"ನಂದು," ಎಂದಳು ಮುದುಕಿ.

"ಜೋರಾಗಿ! ಗಂಗೂನ ತಾಯಿಗೂ ಕೇಳ್ಲಿ."

ಗಂಗುಬಾಯಿಯನ್ನು ತರುವ ಮಾತು ಅಲ್ಲಿಗೇ ಮುರಿಯಿತು. ಚನ್ನವ್ವನ ಸೇಡು ಮಾತ್ರ ಮುಗಿಯಲಿಲ್ಲ. ನಾಗವ್ವ ಬದುಕಿರುವವರೆಗೂ ಕೂಸಿಗೆ ಉಪ್ಪುನೀರು ಕುಡಿಸುವ ಕೆಲಸ ಅವಳದೇ, ಅದೂ ಗ್ಯಾಲರಿಯಲ್ಲೇ, ಎಲ್ಲರೂ ನೋಡುವಂತೆ.

ಸೋದರಮಾವನಿಗೆ ಹೆಣ್ಣು ಕೊಡಲು ಹೊರಟ ಮನೆ ಕಂಡರೆ ಇದನ್ನು ಅಲ್ಲಿಗೆ ಮುಟ್ಟಿಸಿ. ನನ್ನ ಹೆಸರು ಬಿಟ್ಟರೂ ಚಿಂತೆಯಿಲ್ಲ, ನಾಗವ್ವನ ಹೆಸರು ಮಾತ್ರ ಬಿಡಬೇಡಿ.