ಲಡಿಯ ಆಚೆ ತುದಿ

ಎರಡೂ ಕೈಗಳನ್ನು ಮೇಲೆತ್ತಿ, ಹಿಮ್ಮಡಿಯನ್ನು ನೆಲದಿಂದ ತುಸು ಬಿಡಿಸಿ, ಮುಖವನ್ನು ಮೇಲಕ್ಕೆ ಮಾಡಿ ನಿಂತ ಮಗುವಿಗೆ ಮಾತು ಬೇಕಾಗುವುದಿಲ್ಲ. ನನ್ನ ಮಗಳು ಅಂಬುಜೆ ಒಂದೂವರೆ ವರ್ಷದವಳಿದ್ದಾಗ ದಿನಕ್ಕೆ ಹತ್ತು ಸಲ ನನ್ನೆದುರು ಹಾಗೆ ನಿಲ್ಲುತ್ತಿದ್ದಳು. ಹತ್ತು ಸಲವೂ ನಾನು ನೆಲಕ್ಕೆ ಕುಳಿತು ತೊಡೆ ತಟ್ಟಿ, "ಬಾ, ಇಲ್ಲೇ ಕೂಡು" ಎನ್ನುತ್ತಿದ್ದೆ. ಅವಳು ಕೂರುತ್ತಿರಲಿಲ್ಲ. ಎತ್ತಿದ ಕೈಗಳನ್ನು ಹಾಗೆಯೇ ಹಿಡಿದುಕೊಂಡು ನನ್ನ ಅತ್ತೆಯ ಕಡೆ ತಿರುಗುತ್ತಿದ್ದಳು.

ಮಗ್ಗಕ್ಕೆ ನೂಲು ಇಳಿಸಲು ಹೋಗಿ ನಾನು ಅಟ್ಟದ ಏಣಿಯಿಂದ ಬಿದ್ದಿದ್ದೆ. ಬಲಗೈ ಮುರಿದಿತ್ತು. ಎರಡೂವರೆ ತಿಂಗಳ ಮೇಲೆ ಕಟ್ಟು ಬಿಚ್ಚಿದಾಗ ಹೊರಬಂದ ತೋಳು ನನ್ನದೆಂದು ನಂಬಲಾಗಲಿಲ್ಲ. ಬೆಳ್ಳಗೆ ಬಿಳಿಚಿಕೊಂಡು, ಎಡಗೈಯ ಅರ್ಧದಷ್ಟಿತ್ತು.

"ಎಲುಬು ಕೂಡೇದ ತಂಗಿ, ಆದ್ರ ಇನ್ನೂ ಎಳಸು. ಆರು ತಿಂಗಳು ಭಾರ ಎತ್ತಬ್ಯಾಡ್ರಿ" ಎಂದರು ಡಾಕ್ಟರು.

"ಕೂಸು?"

"ಕೂಸೂ ಭಾರನ."

"ಎತ್ತದ ತೋಳಿಗೆ ಕಸುವು ಹ್ಯಾಂಗ ಬರತದ್ರಿ?"

ಅವರು ಒಂದು ರಬ್ಬರ್ ಚೆಂಡು ಕೊಟ್ಟು ಅದನ್ನು ದಿನಾ ಹಿಸುಕಿರೆಂದರು. ಮನೆ ಸೇರಿದ ಗಳಿಗೆಯಲ್ಲೇ ಅಂಬುಜೆ ಅದನ್ನು ಕಸಿದುಕೊಂಡಳು. ಮರುದಿನ ಅದು ಚರಂಡಿಯಲ್ಲಿ ತೇಲಿಹೋಯಿತು.

ಆಮೇಲೆ ಒಂದು ದಿನ ನಾನು ಗಮನಿಸಿದೆ: ಅಂಬುಜೆ ನನ್ನೆದುರು ಕೈ ಎತ್ತುವುದನ್ನೇ ಬಿಟ್ಟಿದ್ದಳು. ಬಿದ್ದು ಮಂಡಿ ತರಚಿಕೊಂಡಾಗ ಅಳುತ್ತ ನನ್ನ ಪಕ್ಕದಲ್ಲೇ ಹಾಯ್ದು ಅತ್ತೆಯ ಬಳಿ ಹೋದಳು. ಮುನಿಸಿನಿಂದಲ್ಲ. ಬಾಗಿಲು ಮುಚ್ಚಿದೆಯೆಂದು ಗೊತ್ತಾದ ಮನೆಯನ್ನು ದಾಟಿ ಹೋಗುವಂತೆ ಹೋದಳು. ಮಕ್ಕಳನ್ನು ಎತ್ತಿಕೊಳ್ಳುವ ಕಾಲವೇ ಚಿಕ್ಕದು. ಅದರಲ್ಲಿ ಆರು ತಿಂಗಳು ಹೋದರೆ ಉಳಿಯುವುದೇನು?

ನಮ್ಮ ನೂಲಿಗೆ ನೀಲಿ ಹಾಕುತ್ತಿದ್ದವಳು ಗುರಸಿದ್ದವ್ವ. ಹಳ್ಳದ ದಂಡೆಯಲ್ಲಿ ಅವಳದೊಂದು ಬಣ್ಣದ ಮನೆ. ಅರವತ್ತೈದು ದಾಟಿದ ಒಣಕಲು ದೇಹ. ಆದರೆ ಮೊಣಕೈವರೆಗೆ ನೀಲಿಯಾದ ಆ ಎರಡು ತೋಳುಗಳು ಬೇರೆ ಯಾರದೋ ಮೈಯಿಂದ ತಂದು ಹಚ್ಚಿದಂತಿದ್ದವು. ನರಗಳು ಹಗ್ಗದ ಹುರಿಯಂತೆ ಎದ್ದು ಕಾಣುತ್ತಿದ್ದವು. ನೂಲು ಕೊಡಲು ಹೋದ ನನ್ನ ತೋಳನ್ನು ಅವಳು ಹಿಡಿದು ಅತ್ತಿತ್ತ ತಿರುಗಿಸಿ ನೋಡಿದಳು.

"ಇದೇನು ಕೈಯೋ, ನುಗ್ಗಿಕಾಯೋ? ಸಾರಿಗೆ ಹಾಕಬೇಕು ಇದನ್ನ."

ನಗಬೇಕೆಂದುಕೊಂಡೆ, ಅಳು ಬಂತು. ಎಲ್ಲವನ್ನೂ ಹೇಳಿದೆ. ಅವಳು ಬಾಯೊಳಗಿನ ಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿದಳು.

"ನನ್ನ ತೋಳ ನೋಡು. ಹುಟ್ಟಿದಾಗಿಂದ ಒಂದು ಮೂಟಿ ಹೊತ್ತಾಕಿ ಅಲ್ಲ ನಾನು. ಎತ್ತಬ್ಯಾಡ ಅಂದಾರಲ್ಲ, ಎತ್ತಬ್ಯಾಡ. ಹಿಂಡು. ನಾಳಿಂದ ಬಾ."

ಡಾಕ್ಟರನ್ನು ಕೇಳಿದೆ. ನೋವಾದ ಕೂಡಲೇ ನಿಲ್ಲಿಸುವುದಾದರೆ ಹಿಂಡಬಹುದು ಎಂದರು.

ಮರುದಿನ ಅವಳು ಒಂದು ಲಡಿಯನ್ನು, ಬಳೆಯಂತೆ ಸುತ್ತಿಟ್ಟ ನೂಲಿನ ಉದ್ದನೆಯ ಕಟ್ಟನ್ನು, ನೀಲಿಯ ತೊಟ್ಟಿಯಲ್ಲಿ ಅದ್ದಿ ತೆಗೆದಳು. ತೊಟ್ಟಿಯಿಂದ ಎದ್ದಾಗ ಅದು ನೀಲಿಯಾಗಿರಲಿಲ್ಲ. ಎಳೆ ಹುಲ್ಲಿನ ಹಸಿರಾಗಿತ್ತು. ಒಂದು ತುದಿಯ ಕುಣಿಕೆ ನನಗೆ, ಇನ್ನೊಂದು ಅವಳಿಗೆ. ನಾನು ಬಲಕ್ಕೆ ತಿರುಚಬೇಕು, ಅವಳೂ ತನ್ನ ಬಲಕ್ಕೆ. ನಡುವೆ ಲಡಿ ಹುರಿಗೊಳ್ಳುತ್ತ, ನೀರು ಕಕ್ಕುತ್ತ, ಕಣ್ಣೆದುರಿಗೇ ನೀಲಿಯಾಗುತ್ತಿತ್ತು. ಗಾಳಿ ಸೋಕಿದ್ದಷ್ಟೇ, ಬೇರೇನೂ ಇಲ್ಲ. ಆ ಬಣ್ಣವನ್ನೇ ನೋಡುತ್ತ ಮೈಮರೆತೆ. ಕುಣಿಕೆ ಕೈಜಾರಿ, ಲಡಿ ಹಾವಿನಂತೆ ಹಾರಿ ಬಂದು ನನ್ನ ಕೆನ್ನೆಗೆ ಬಾರಿಸಿತು.

"ಆತು, ಬಣ್ಣದ ಮನಿ ದೀಕ್ಷಾ ಆತು!" ಎಂದು ಅವಳು ಸೊಂಟ ಹಿಡಿದುಕೊಂಡು ನಕ್ಕಳು. "ಕೈ ನೋಡಬಾರದು, ನೂಲೂ ನೋಡಬಾರದು. ಎದುರಿಗೆ ನಿಂತವರ ಮುಖ ನೋಡಬೇಕು. ನಮ್ಮವ್ವ ನನಗ ಹೇಳಿದ್ದು ಇದೊಂದ. ಕೈ ನೋಡಿದ್ರ ಕೈ ದಣೀತದ. ಮುಖ ನೋಡಿದ್ರ ದಣಿವು ಇಬ್ಬರಿಗೂ ಹಂಚಿ ಹೋಗತದ."

ಅದು ಆ ಕಸುಬಿನ ಕಟ್ಟಳೆ. ಅಂದಿನಿಂದ ನಾನು ಅವಳ ಮುಖವನ್ನಷ್ಟೇ ನೋಡಿದೆ. ಮೂಗಿನ ಪಕ್ಕದ ಗಂಟು, ಬಿಗಿಹಿಡಿದ ದವಡೆ, ತಿರುಚು ಹೆಚ್ಚಿದಂತೆ ಕಿರಿದಾಗುತ್ತಿದ್ದ ಕಣ್ಣು. ಮೊದಲು ದಿನಕ್ಕೆ ಮೂರು ಲಡಿ. ನನ್ನ ತೋಳು ಎಲೆಯಂತೆ ನಡುಗುತ್ತಿತ್ತು. ನಾನು ಸೋಲುವ ಹೊತ್ತಿಗೆ ಸರಿಯಾಗಿ ಅವಳು ತಿರುಚು ಸಡಿಲಿಸುತ್ತಿದ್ದಳು. ಮೈ ಚೇತರಿಸಿಕೊಂಡರೆ ಮತ್ತೆ ಬಿಗಿ. ನನ್ನ ಮುಖದಲ್ಲಿ ಅವಳು ಅದನ್ನೆಲ್ಲ ಓದುತ್ತಿದ್ದಳು. ತಿಂಗಳು ಕಳೆಯಿತು, ಹತ್ತು ಲಡಿಯಾಯಿತು. ಮತ್ತೊಂದು ತಿಂಗಳಿಗೆ ಇಪ್ಪತ್ತು. ಸಣಕಲು ತೋಳಿಗೆಂದು ಅತ್ತೆ ನನ್ನ ಕುಬಸದ ಬಲಗೈಯನ್ನು ಚಿಕ್ಕದು ಮಾಡಿ ಹೊಲಿದಿದ್ದರು. ಒಂದು ಬೆಳಿಗ್ಗೆ ಅದು ಮೇಲಕ್ಕೇರಲೇ ಇಲ್ಲ.

"ಹೊಲಿಯೂದು, ಬಿಚ್ಚೂದು, ಇದಕ್ಕ ಹುಟ್ಟೀನೇನ ನಾನು?" ಎಂದು ಗೊಣಗುತ್ತ ಅತ್ತೆ ಹೊಲಿಗೆ ಬಿಚ್ಚಿದರು. ಬಿಚ್ಚುತ್ತಿದ್ದವರು ನಡುವೆ ನಿಲ್ಲಿಸಿ, ನನ್ನ ತೋಳನ್ನು ಎರಡು ಬೆರಳಿನಿಂದ ಒತ್ತಿ ನೋಡಿ, ಮತ್ತೆ ಸೂಜಿ ಹಿಡಿದರು.

ಚಳಿ ಹೊಕ್ಕಿತು. ಗುರಸಿದ್ದವ್ವ ತಾನು ನಿಲ್ಲುವ ಜಾಗವನ್ನು ಒಳಗಿನ ಕಂಬದ ಹತ್ತಿರಕ್ಕೆ ಬದಲಿಸಿದಳು. "ಗಾಳಿ ಕೊರೀತದ" ಎಂದಳು. ಅಂದಿನಿಂದ ಅವಳ ತಿರುಚು ಇನ್ನೂ ಬಿಗಿಯಾಯಿತು. ಒಮ್ಮೆಯೂ ಸಡಿಲವಿಲ್ಲ. ಗೋಡೆಯೊಂದಿಗೆ ಗುದ್ದಾಡಿದಂತೆ. ಅವಳ ದವಡೆ ಹಿಂದಿಗಿಂತ ಬಿಗಿದು, ಹಣೆಯ ಮೇಲೆ ಗೆರೆಗಳೇಳುತ್ತಿದ್ದವು.

"ಸ್ವಲ್ಪ ಬಿಡ ಅವ್ವಾ, ನಿನಗ ಈ ವಯಸ್ಸಿನ್ಯಾಗ ಎಲ್ಲಿಂದ ಬರತದ ಇಷ್ಟು ಕಸುವು?"

"ನಾ ಬಿಟ್ರ ನೀ ಹಳ್ಳದಾಗ ಬೀಳ್ತಿ. ಹಿಂಡ ಸುಮ್ನ!"

ಆ ಹಟಕ್ಕೆ ನಾನೂ ಹಟ ಕಟ್ಟಿದೆ. ಮುದುಕಿಯನ್ನು ಒಮ್ಮೆಯಾದರೂ ಮಣಿಸಬೇಕೆಂದು ಹೆಗಲಿನಿಂದ, ಬೆನ್ನಿನಿಂದ, ಕಾಲ ಹೆಬ್ಬೆರಳಿನಿಂದ ಬಲವೆಳೆದು ತಿರುಚಿದೆ. ಒಂದು ದಿನವೂ ಗೆಲ್ಲಲಿಲ್ಲ. ಆರು ತಿಂಗಳು ಮುಗಿಯುತ್ತ ಬಂದಿತ್ತು. ಮುಗಿದ ಮೇಲೆ ಡಾಕ್ಟರು ಎತ್ತಬಹುದೆಂದರೂ ಎತ್ತಲಾರೆನೇನೋ ಎಂಬ ಹೆದರಿಕೆ ನನ್ನನ್ನು ಬಿಡಲಿಲ್ಲ. ಒಬ್ಬ ಮುದುಕಿಯನ್ನು ಸೋಲಿಸಲಾಗದ ತೋಳನ್ನು ನಂಬಿ ಮಗುವನ್ನು ಹೇಗೆ ಎತ್ತಲಿ? ಬೀಳಿಸಿಬಿಟ್ಟರೆ?

ಅವಧಿಗೆ ಇನ್ನು ನಾಲ್ಕು ದಿನವಿತ್ತು. ಮಧ್ಯಾಹ್ನ. ದಿನದ ಕೊನೆಯ ಲಡಿ. ನಾನು ಅವಳ ಮುಖ ನೋಡುತ್ತ ತಿರುಚುತ್ತಿದ್ದೆ. ಆ ಮುಖದಿಂದ ಬಣ್ಣ ಇಳಿದುಹೋದದ್ದು ಕಂಡಿತು. ದವಡೆ ಸಡಿಲವಾಯಿತು, ಕಣ್ಣುಗಳು ಮೇಲೆ ಸರಿದವು. ಗುರಸಿದ್ದವ್ವ ಕುಸಿದು ನೆಲಕ್ಕೆ ಬಿದ್ದಳು.

ಲಡಿ ಮಾತ್ರ ಬೀಳಲಿಲ್ಲ.

ಎಷ್ಟು ಹೊತ್ತು ಹಾಗೆ ನಿಂತೆನೋ, ಬಹುಶಃ ಒಂದು ಉಸಿರಿನಷ್ಟು. ಎದುರಿನ ಕೈಗಳು ನೆಲದ ಮೇಲಿದ್ದವು. ನನ್ನ ಕೈಯಲ್ಲಿನ ಲಡಿ ತಂತಿಯಂತೆ ಬಿಗಿದೇ ಇತ್ತು. ಅದರ ಆಚೆ ತುದಿಯ ಕುಣಿಕೆ ಕಂಬಕ್ಕೆ ಬಡಿದ ಮರದ ಗೂಟದಲ್ಲಿತ್ತು. ಆ ಗೂಟದ ಮುಂದೆ, ಕೈಯನ್ನು ಮೇಲಷ್ಟೇ ಇಟ್ಟುಕೊಂಡು, ಅವಳು ಇಷ್ಟು ದಿನ ನಿಂತಿದ್ದಳು. ನಾನು ಇಷ್ಟು ದಿನ ಒಬ್ಬಳೇ ಹಿಂಡಿದ್ದೆ.

ಲಡಿ ಬಿಟ್ಟು ಓಡಿದೆ. ಅವಳ ಬೆನ್ನಿನಡಿ ಒಂದು ಕೈ, ಮಂಡಿಗಳಡಿ ಒಂದು ಕೈ. ಎತ್ತಿದೆ. ಎತ್ತಿದೆನೆಂದು ತಿಳಿದದ್ದು ಅವಳನ್ನು ಹೊರಸಿನ ಮೇಲೆ ಮಲಗಿಸಿ, ಮುಖಕ್ಕೆ ನೀರು ಹನಿಸಿ, ಅವಳು ಕಣ್ಣು ತೆರೆದ ಮೇಲೆ. ನನ್ನ ತೋಳಿನತ್ತ ನೋಡಿದೆ. ನೋವಿರಲಿಲ್ಲ. ನಡುಕವೂ ಇರಲಿಲ್ಲ. ಮುರಿದ ಎಲುಬಿನ ಮೇಲೆ ನನಗೆ ಗೊತ್ತಿಲ್ಲದ ಹಾಗೆ ಯಾರೋ ಇನ್ನೊಂದು ತೋಳನ್ನು ಕಟ್ಟಿ ಹೋಗಿದ್ದರು.

"ಯಾವತ್ತಿನಿಂದ ಗೂಟಕ್ಕ ಹಾಕೀದಿ ಅವ್ವಾ?"

"ನೀ ನನ್ನ ಮೀರಿದ ದಿನದಿಂದ." ಅವಳ ದನಿ ಸಣ್ಣದಾಗಿತ್ತು. "ಚಳಿ ಹೊಕ್ಕ ಮ್ಯಾಲ ನನ್ನ ರಟ್ಟಿ ತಾಳಲಿಲ್ಲವ್ವಾ."

"ಹಂಗಾದ್ರ ಮೊದಲ ದಿನಾನ ಗೂಟದ ಎದುರಿಗೆ ನಿಲ್ಲಿಸಬೇಕಿತ್ತು. ಸುಮ್ನ ನೀ ಯಾಕ ಮುಖ ಕಿವಿಚಿಕೊಂಡು ನಿಂತಿ?"

"ಗೂಟದ ಮುಖ ನೋಡಿ ಮೂರ ದಿನಕ್ಕ ಓಡಿಹೋಗ್ತಿದ್ದಿ. ಮನಿಷಾಗ ಎದುರಿಗೊಂದು ಮುಖ ಬೇಕು." ಹಲ್ಲಿಲ್ಲದ ಕಡೆಯಿಂದ ನಕ್ಕಳು. "ಆದ್ರೂ ಮುಖ ಬಿಗಿಹಿಡಿಯೂದು ಹಿಂಡೂದಕ್ಕಿಂತ ತ್ರಾಸ ನೋಡು."

ಆಗ ಬಾಗಿಲಲ್ಲಿ ನೆರಳಾಯಿತು. ಅತ್ತೆ, ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಮಗುವಿಗೆ ಉಣಿಸುವ ಹೊತ್ತಾಯಿತೆಂದು ನನ್ನನ್ನು ಕರೆಯಲು ಬಂದವರು ಎಲ್ಲವನ್ನೂ ಕಂಡಿದ್ದರು. ಅವರ ಸೆರಗಿನ ಬದಿಯಿಂದ ಅಂಬುಜೆ ಹೊರಬಂದಳು. ಹೊರಸಿನತ್ತ ನೋಡಿದಳು, ನನ್ನತ್ತ ನೋಡಿದಳು. ಅಷ್ಟು ದೊಡ್ಡ ಅಜ್ಜಿಯನ್ನು ಎತ್ತಿದವಳಿಂದ ಏನಾಗದು ಎಂದು ಲೆಕ್ಕ ಹಾಕಿದಳೋ ಏನೋ. ಒದ್ದೆ ನೆಲದ ಮೇಲೆ ಪುಟ್ಟ ಹೆಜ್ಜೆಯಿಟ್ಟು ಬಂದು, ಹಿಮ್ಮಡಿಯನ್ನು ತುಸು ಬಿಡಿಸಿ, ಎರಡೂ ಕೈಗಳನ್ನು ಮೇಲೆತ್ತಿದಳು.

ಕೈಗೆ ಬಣ್ಣ ಹತ್ತಿದೆಯೆಂದು ಯಾರೂ ನನ್ನನ್ನು ತಡೆಯಲಿಲ್ಲ.

ಈಗ ಅಂಬುಜೆ ನನಗಿಂತ ಎತ್ತರ. ದಿನವಿಡೀ ದುಡಿದ ತೋಳು ಸೆಳೆಯುವಾಗ ನಾನು ಕೆಲವೊಮ್ಮೆ ಪೆಟ್ಟಿಗೆಯಿಂದ ಅವಳ ಆ ದಿನದ ಬಿಳಿ ಅಂಗಿಯನ್ನು ಹೊರತೆಗೆಯುತ್ತೇನೆ. ಎಷ್ಟು ಒಗೆದರೂ ಹೋಗದ ಎರಡು ನೀಲಿ ಅಂಗೈಗಳು ಅದರ ಬೆನ್ನಿನ ಮೇಲಿವೆ. ಎಡಗೈಯದು ತೆಳು. ಬಲಗೈಯದು, ಐದೂ ಬೆರಳು ಒತ್ತಿ ಮೂಡಿದ್ದು, ಇನ್ನೂ ಗಾಢವಾಗಿದೆ.