ಎರಡು ಇಂಚಿನ ಅಮ್ಮ

ಕಾಲೇಜು ಮುಗಿಸಿ ಸಾರ್ವಜನಿಕ ಸಂಪರ್ಕದ ಕಚೇರಿಗೆ ಸೇರಿದ ದಿನ ಅವಳ ಕೈಗೆ ಮೊದಲು ಕೊಟ್ಟದ್ದು ಒಂದು ಸ್ಟೀಲಿನ ಸ್ಕೇಲು. ಕಂಪನಿಗಳು ತಮ್ಮ ಹೆಸರಿಗೆ ಹೊಳಪು ಕೊಡಿಸಿಕೊಳ್ಳುವ ಜಾಗ ಅದು. ಹೊಗಳಿಕೆಯೆಲ್ಲ ಸುದ್ದಿಯ ವೇಷ ಹಾಕಿಕೊಂಡು ಪತ್ರಿಕೆಯಲ್ಲಿ ಬರಬೇಕು. ಬಂದದ್ದನ್ನು ಕತ್ತರಿಸಿ, ಅಳೆದು, ಇಷ್ಟು ಇಂಚು ಬಂತು ಎಂದು ಬರೆದಿಡಬೇಕು. ಬೆಳಿಗ್ಗೆಯೆಲ್ಲ ಈ ಅಳತೆ. ಮಧ್ಯಾಹ್ನವೆಲ್ಲ ಪತ್ರಿಕೆಯವರಿಗೆ ಫೋನು: "ಸಾರ್, ನಮ್ಮ ಪ್ರಕಟಣೆ ತಲುಪಿತಾ ಸಾರ್?" ದಿನಕ್ಕೆ ನಲವತ್ತು ಸಲ. ಮೂವತ್ತೆಂಟು ಜನ ಮಾತು ಮುಗಿಯುವ ಮೊದಲೇ ಫೋನ್ ಇಡುತ್ತಿದ್ದರು, ಉಳಿದಿಬ್ಬರು ಬೈದು ಇಡುತ್ತಿದ್ದರು.

ಸಂಜೆಗೆ, ಯಾರೂ ಆಡದ ಮಾತುಗಳನ್ನು ಬರೆಯುವ ಕೆಲಸ. ಸೋಪಿನ ಕಂಪನಿಯ ಯಜಮಾನರು 'ಭಾವುಕರಾಗಿ ನುಡಿದ' ಮಾತನ್ನೆಲ್ಲ ನುಡಿದವಳು ಇವಳೇ. ಆ ಪುಣ್ಯಾತ್ಮರ ಮುಖವನ್ನು ಕಂಡದ್ದು ಸೋಪಿನ ಪೊಟ್ಟಣದ ಮೇಲೆ ಮಾತ್ರ. ಮೊದಮೊದಲು ನಗು ಬರುತ್ತಿತ್ತು. ಬರಬರುತ್ತಾ ಭಯವಾಗತೊಡಗಿತು. ಒಂದು ದಿನ ಬಸ್ಸಿನಲ್ಲಿ ಯಾರೋ ಕಾಲು ತುಳಿದಾಗ "ನಿಮ್ಮ ಸಹಕಾರಕ್ಕೆ ಧನ್ಯವಾದ" ಎಂದುಬಿಟ್ಟಳು. ತುಳಿದವನು ಇನ್ನೊಂದು ಕಾಲನ್ನೂ ತುಳಿದು ಇಳಿದುಹೋದ.

ಕೆಲಸದ ಆರು ತಿಂಗಳ ಪ್ರೊಬೇಷನ್ ಶುಕ್ರವಾರಕ್ಕೆ ಮುಗಿಯುತ್ತಿತ್ತು. ಅಂದು ರುಜು ಹಾಕಿದರೆ ಎರಡು ವರ್ಷ ಅಲ್ಲಾಡುವಂತಿಲ್ಲ, ಹಾಕದಿದ್ದರೆ ಬ್ಯಾಗು ಹೆಗಲಿಗೇರಿಸಿ ಹೊರಟುಬಿಡಬಹುದು. ಹೊರಡುವುದೇ ಸೈ ಎಂದು ಅವಳು ಗಟ್ಟಿ ಮಾಡಿಕೊಂಡಿದ್ದಳು. ಅಮ್ಮನಿಗೆ ಹೇಳುವುದೊಂದೇ ಬಾಕಿ. ಹೇಳಲು ಬಾಯಿ ತೆರೆದಾಗಲೆಲ್ಲ ಗೋಡೆಯ ಮೇಲಿನ ಆ ಕಾಗದ ಕಣ್ಣಿಗೆ ಬೀಳುತ್ತಿತ್ತು, ಬೇರೇನೋ ಮಾತೆತ್ತಿ ಎದ್ದುಬಿಡುತ್ತಿದ್ದಳು.

ಕಾಗದದ ಕತೆ ಇಷ್ಟೇ. ಪತ್ರಿಕೆಯೊಂದರ ಉದ್ಯೋಗದ ಪುಟದಲ್ಲಿ ಒಂದು ಮೂಲೆ ಖಾಲಿ ಉಳಿದಿತ್ತು. ಕಚೇರಿಯ ಹೆಸರು ಬರಲಿ ಎಂದು ಅಲ್ಲಿನ ಮುಖ್ಯಸ್ಥೆ ಮೇಡಂ ಅವಳ ಕೈಯಲ್ಲೇ 'ನನ್ನ ಮೊದಲ ಕೆಲಸ' ಎಂದು ಬರೆಸಿದರು. ಬೆಳಗಾದರೆ ಕಚೇರಿಗೆ ಓಡುವ ತವಕ, ಮನೆಯವರಂಥ ಸಹೋದ್ಯೋಗಿಗಳು, ದಿನಕ್ಕೊಂದು ಹೊಸ ಕಲಿಕೆ, ಎಲ್ಲ ಬರೀ ಬುರುಡೆ. ಮೇಡಂ ಓದಿ ಮೂಗು ಮುರಿದರು.

"ಸಪ್ಪೆಯಾಗಿದೆ. ಅಮ್ಮ ಇದಾರಾ ನಿಂಗೆ?"

"ಇದಾರೆ ಮೇಡಂ. ಆಸ್ಪತ್ರೆ ಲಾಂಡ್ರಿಯಲ್ಲಿ ಕೆಲಸ."

"ಮತ್ತೆ ಹಾಕೋಕೇನು? ಅಮ್ಮ ಬಂದ್ರೆ ಎರಡು ಇಂಚು ಜಾಸ್ತಿ ಸಿಗತ್ತೆ."

'ಬಿಸಿ ಇಸ್ತ್ರಿಯ ಮುಂದೆ ನಿಂತು ನನ್ನನ್ನು ಓದಿಸಿದ ಅಮ್ಮನ ಸುಟ್ಟ ಕೈಗಳೇ ನನಗೆ ಸ್ಫೂರ್ತಿ' ಎಂದು ಶುರುಮಾಡಿ ಮೇಡಂ ತಾವೇ ಒಂದು ಪ್ಯಾರಾ ಟೈಪ್ ಮಾಡಿದರು. ಅಚ್ಚಾದ ಮೇಲೆ ಅವಳೇ ಅಳೆದಳು. ಸರಿಯಾಗಿ ಎರಡು ಇಂಚು.

ಅಮ್ಮ ಅದಕ್ಕೆ ಪ್ಲಾಸ್ಟಿಕ್ ಹೊದಿಕೆ ಹಾಕಿಸಿ ಗಡಿಯಾರದ ಪಕ್ಕ ತೂಗುಹಾಕಿದಳು. ಲಾಂಡ್ರಿಯ ಹೆಂಗಸರಿಗೆಲ್ಲ ಓದಿ ಹೇಳಿದಳು, ಬೇಡವೆಂದವರಿಗೂ ಬಿಡಲಿಲ್ಲ. ಆ ಪ್ಯಾರಾ ಅವಳಿಗೆ ಬಾಯಿಪಾಠ. ಮೊಣಕೈವರೆಗಿನ ಸುಟ್ಟ ಗೆರೆಗಳು ಕಾಣಬಾರದೆಂದು ವರ್ಷಗಟ್ಟಲೆ ಸೆಖೆಯಲ್ಲೂ ಉದ್ದ ತೋಳು ತೊಡುತ್ತಿದ್ದವಳು ಈಗ ತೋಳು ಮಡಿಚಿಕೊಂಡು ಓಡಾಡುತ್ತಿದ್ದಳು.

ಗುರುವಾರ ಸಂಜೆ, ಇವತ್ತು ಹೇಳಿಯೇ ತೀರುತ್ತೇನೆ ಎಂದುಕೊಂಡು ಅವಳು ಮನೆಗೆ ಬಂದಳು. ತಂಗಿ ಮೇಜಿನ ಮುಂದೆ ಕಾಲೇಜಿನ ಅರ್ಜಿ ಹರಡಿಕೊಂಡು ಕೂತಿದ್ದಳು. ಬೆಂಕಿಪೆಟ್ಟಿಗೆಯಲ್ಲಿ ಜೀರುಂಡೆ ಸಾಕಿದ ಹುಡುಗಿ. ಮನೆಯವರೆಲ್ಲ ಕರೆಯುವುದೇ 'ಹುಳ' ಎಂದು. ಪ್ರಾಣಿಶಾಸ್ತ್ರ ಬಿಟ್ಟು ಬೇರೇನನ್ನೂ ಓದುವುದಿಲ್ಲ ಎಂದು ಎಂಟನೆಯ ವಯಸ್ಸಿನಿಂದ ಹಟ ಹಿಡಿದಿದ್ದವಳು ಈಗ ಅರ್ಜಿಯಲ್ಲಿ ಬರೆದದ್ದು 'ಸಾರ್ವಜನಿಕ ಸಂಪರ್ಕ'.

"ಏನೇ ಇದು?"

"ನಿನ್ನ ಹಾಗೇ ಆಗ್ತೀನಿ ಅಕ್ಕ. ಹುಳ ಹಿಡ್ಕೊಂಡು ಕೂತ್ರೆ ನನ್ನ ಯಾರು ಪೇಪರಲ್ಲಿ ಹಾಕ್ತಾರೆ?"

"ನಾನಂತೂ ಏನೂ ಹೇಳಿಲ್ಲಮ್ಮ," ಪಾತ್ರೆ ಒರೆಸುತ್ತಿದ್ದ ಅಮ್ಮ ಹೇಳಿದಳು. "ನಿಂದನ್ನ ಓದಿ ಓದಿ ಅವಳೇ ಮನಸ್ಸು ಮಾಡಿದಾಳೆ."

ಅಕ್ಕ ಆ ಎರಡು ಪದಗಳ ಮೇಲೆ ಬೆರಳಿಟ್ಟಳು. ತಾನೊಬ್ಬಳು ಸಿಕ್ಕಿಬಿದ್ದದ್ದು ಸಾಲದೇ?

"ಅದನ್ನ ಹೊಡೆದುಹಾಕು ಹುಳ. ನಾನು ಬರೆದಿದ್ರಲ್ಲಿ ಒಂದೂ ನಿಜ ಅಲ್ಲ."

ಹೇಳಿಬಿಟ್ಟಿದ್ದಳು! ಆರು ತಿಂಗಳಲ್ಲಿ ಮೊದಲ ಸಲ ಉಸಿರು ಸರಾಗವಾಗಿ ಆಡಿತು.

ಅಮ್ಮ ಒರೆಸುವುದನ್ನು ನಿಲ್ಲಿಸಿದಳು. ಸಿಟ್ಟಾಗಲಿಲ್ಲ. ಗೋಡೆಯ ಕಡೆ ಒಮ್ಮೆ ನೋಡಿದಳು.

"ಒಂದೂ ಅಂದ್ರೆ? ನನ್ನ ಕೈ ಬಗ್ಗೆ ಬರೆದಿದ್ದೂನಾ?"

ಅದನ್ನು ನಾನು ಬರೆಯಲೇ ಇಲ್ಲ ಎಂಬ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಅಮ್ಮನೆಂದರೆ ಅವಳಿಗೆ ಜೀವ. ಆದರೂ ಆ ಕೈಗಳ ಬಗ್ಗೆ ಬರೆಯಬೇಕೆಂದು ತನಗೆ ತೋಚದೆ, ಇಂಚು ಲೆಕ್ಕ ಹಾಕುವ ಇನ್ನೊಬ್ಬ ಹೆಂಗಸಿಗೆ ತೋಚಿತಲ್ಲ ಎಂದು ನಾಚಿಕೆಯಿಂದ ಮುಖ ಸುಡುತ್ತಿತ್ತು.

"ಅದು ನಿಜ ಅಮ್ಮ. ಅದೊಂದು ನಿಜ."

"ಅದು ಹೇಗೆ? ಮಿಕ್ಕಿದ್ದೆಲ್ಲ ಸುಳ್ಳು ಬರೆದವಳು, ನನ್ನ ವಿಷಯ ಬಂದಾಗ ಮಾತ್ರ ನಿಜ ಬರೆದ್ಯಾ?" ಅಮ್ಮ ನಗಲು ನೋಡಿದಳು. ಮಡಿಚಿದ್ದ ತೋಳನ್ನು ಮೆಲ್ಲಗೆ ಕೆಳಕ್ಕೆ ಎಳೆದುಕೊಳ್ಳತೊಡಗಿದಳು.

ತೋಳು ಮಣಿಕಟ್ಟು ಮುಟ್ಟುವವರೆಗೂ ನೋಡುತ್ತ ನಿಲ್ಲಲು ಇವಳಿಂದಾಗಲಿಲ್ಲ.

"ಅಯ್ಯೋ, ಎಲ್ಲಾ ನಿಜಾನೇ ಅಮ್ಮ! ಮೇಡಂ ಬೈದ್ರು, ಆ ಸಿಟ್ಟಿಗೆ ಅಂದೆ ಅಷ್ಟೇ. ನಾಳೆ ಕೆಲಸ ಕಾಯಂ ಆಗತ್ತೆ. ರುಜು ಹಾಕಿ ಬರ್ತೀನಿ."

"ಹಾಗನ್ನು. ಎದೆ ಒಡೆಸಿಬಿಟ್ಟೆಯಲ್ಲೇ!" ಅಮ್ಮ ತೋಳನ್ನು ಮತ್ತೆ ಮಡಿಚಿಕೊಂಡು ಪಾತ್ರೆಗಳ ಕಡೆ ತಿರುಗಿದಳು.

ಹುಳ ಇಬ್ಬರ ಮುಖವನ್ನೂ ನೋಡಿ ಅರ್ಜಿಯನ್ನು ಅಕ್ಕನ ಮುಂದೆ ತಳ್ಳಿದಳು.

"ಹಾಗಾದ್ರೆ ಇದೊಂದು ನೀನೇ ಬರೆದುಕೊಡು. ಈ ವಿಷಯ ಯಾಕೆ ಆರಿಸಿಕೊಂಡಿರಿ, ಮೂರು ಸಾಲು ಬರೀರಿ ಅಂತಿದೆ. ನಂಗೇನೂ ತೋಚ್ತಿಲ್ಲ."

ಆಗಲ್ಲ ಎನ್ನಬಹುದಿತ್ತು. ಅಮ್ಮನ ಕೈಯಲ್ಲಿ ಪಾತ್ರೆ ಸದ್ದು ಮಾಡುತ್ತಿರಲಿಲ್ಲ. ಬೆನ್ನು ತಿರುಗಿಸಿಕೊಂಡೇ ಕಿವಿಗೊಟ್ಟು ನಿಂತಿದ್ದಳು. ಅಕ್ಕ ಪೆನ್ನು ತೆಗೆದುಕೊಂಡಳು. ಕೈ ಒಂದಿಷ್ಟೂ ತಡವರಿಸಲಿಲ್ಲ. 'ನನ್ನ ಅಕ್ಕನೇ ನನಗೆ ಸ್ಫೂರ್ತಿ' ಎಂದು ಶುರುವಾದದ್ದು ಮೂರನೆಯ ಸಾಲಿನ ಕೊನೆಗೆ ಸರಿಯಾಗಿ ಮುಗಿಯಿತು.